ಮದುವೆ ಮಂಟಪದಲ್ಲಿ ಪಳಗಿದ ಮನಸ್ಸು

ಆಗಿನ ಮೈಸೂರು ರಾಜ್ಯದ ಕಿರಿಯರ ಬ್ಯಾಡ್ಮಿಂಟನ್ ಪಂದ್ಯಾವಳಿ. ವರ್ಷ 1962. ಏಳು ವರ್ಷದ ಹುಡುಗನೊಬ್ಬ ಮೊದಲ ಸುತ್ತಿನಲ್ಲೇ ಸೋತು ಹೊರಬಿದ್ದ. ಎರಡು ವರ್ಷಗಳ ಅನಂತರ ಅದೇ ಪ್ರಶಸ್ತಿಯನ್ನು ಗೆದ್ದ. ಆ ಹುಡುಗನೇ ಪ್ರಕಾಶ್ ಪಡುಕೋಣೆ.

ಎಳೆಯ ಆಟಗಾರನ ಕೈ ಪಳಗುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಮನಸ್ಸು ಪಳಗುವುದು ಕಾಣುವುದಿಲ್ಲ. ಆದ್ದರಿಂದಲೇ ಮನೋಬಲವೆಂದರೆ ಹುಟ್ಟಿನಿಂದ ಬರುವಂಥದು ಎಂಬ ನಂಬಿಕೆ ಬಲವಾಗಿದೆ. ಪ್ರಕಾಶರ ಬಾಲ್ಯ ಬೇರೆಯೇ ಕಥೆ ಹೇಳುತ್ತದೆ.

ತಂದೆ ರಮೇಶ್ ಪಡುಕೋಣೆ ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಯಾಗಿದ್ದವರು. ಆದರೂ ಮಗನಿಗೆ ಆಡಲು ಸಿಕ್ಕಿದ್ದು ಬೆಂಗಳೂರಿನ ಮಲ್ಲೇಶ್ವರದಲ್ಲಿ ಮನೆಯ ಹತ್ತಿರವಿದ್ದ ಕೆನರಾ ಯೂನಿಯನ್ನಿನ ಮದುವೆ ಮಂಟಪ! ಅಲ್ಲಿ ಸಮಾರಂಭವಿದ್ದರೆ ಆಟವಿಲ್ಲ. ಇಲ್ಲದಿದ್ದರೆ ಶಾಲೆ ಮುಗಿದೊಡನೆ ಅಲ್ಲಿಗೇ ಓಟ. ಇದ್ದುದರಲ್ಲೇ ಆಡಿಕೊಳ್ಳುವುದು, ಇಲ್ಲದ್ದಕ್ಕೆ ಕೊರಗದಿರುವುದು ಅಲ್ಲಿನ ಮೊದಲ ಪಾಠವಾಯಿತು.

ಎರಡನೆಯ ಪಾಠ ಬದಲಾಗುವ ಧೈರ್ಯ. 1971ರಲ್ಲಿ, ಹದಿನಾರರ ಹರೆಯದಲ್ಲಿ, ಅವರು ತಮ್ಮ ಆಟದ ಧಾಟಿಯನ್ನೇ ಬದಲಿಸಿ ಆಕ್ರಮಣಕ್ಕೆ ಇಳಿದರು. ಅದೇ ಋತುವಿನಲ್ಲಿ ರಾಷ್ಟ್ರೀಯ ಕಿರಿಯರ ಮತ್ತು ಹಿರಿಯರ ಪ್ರಶಸ್ತಿಗಳೆರಡೂ ಒಲಿದವು. ಹಿರಿಯರ ಪ್ರಶಸ್ತಿ ಸತತ ಒಂಬತ್ತು ಬಾರಿ ಅವರಲ್ಲೇ ಉಳಿಯಿತು.

ಈ ಪಾಠಗಳ ಪರೀಕ್ಷೆ ನಡೆದದ್ದು 1980ರ ಮಾರ್ಚಿನಲ್ಲಿ, ಲಂಡನ್ನಿನ ವೆಂಬ್ಲಿಯಲ್ಲಿ. ಆಲ್ ಇಂಗ್ಲೆಂಡ್ ಫೈನಲಿನ ಎದುರಾಳಿ ಇಂಡೊನೇಷ್ಯಾದ ಲಿಮ್ ಸ್ವಿ ಕಿಂಗ್. ಹಿಂದಿನ ಎರಡೂ ವರ್ಷಗಳ ವಿಜೇತ. ಗಾಳಿಗೆ ಹಾರಿ ಬಾರಿಸುವ ಸ್ಮ್ಯಾಷ್‌ಗೆ ಹೆಸರಾದವರು. ಅಂಥವರ ವೇಗಕ್ಕೆ ವೇಗವನ್ನೇ ಎದುರಿಡುವ ಆಸೆ ಯಾರಿಗಾದರೂ ಹುಟ್ಟೀತು. ಪ್ರಕಾಶ್ ಆ ಬಲೆಗೆ ಬೀಳಲಿಲ್ಲ. ಆಟವನ್ನು ನಿಧಾನಗೊಳಿಸಿ, ಎದುರಾಳಿಯ ಲಯ ಕೆಡಿಸಿ, 15–3, 15–10ರಿಂದ ಗೆದ್ದರು. ಆಲ್ ಇಂಗ್ಲೆಂಡ್ ಪ್ರಶಸ್ತಿ ಪಡೆದ ಮೊದಲ ಭಾರತೀಯನೆನಿಸಿದರು.

ಇದೇ ಪ್ರಶ್ನೆ 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮತ್ತೆ ಎದ್ದಿತು. ಪ್ರಕಾಶರ ಅಕಾಡೆಮಿಯಲ್ಲಿ ಬೆಳೆದ ಲಕ್ಷ್ಯ ಸೇನ್ ಸೆಮಿಫೈನಲಿನ ಮೊದಲ ಗೇಮಿನಲ್ಲಿ 20–17ರಿಂದ, ಎರಡನೆಯದರಲ್ಲಿ 7–0ಯಿಂದ ಮುಂದಿದ್ದೂ ವಿಕ್ಟರ್ ಆಕ್ಸೆಲ್‌ಸೆನ್‌ಗೆ ಸೋತರು. ಕಂಚಿನ ಪಂದ್ಯದಲ್ಲೂ ಮೊದಲ ಗೇಮ್ ಗೆದ್ದು ಕೈಚೆಲ್ಲಿದರು. ಆಟಗಾರನ ಮನಸ್ಸಿನ ತರಬೇತಿಗೆ ನಮ್ಮಲ್ಲಿ ಸಾಕಷ್ಟು ಒತ್ತು ಸಿಗುತ್ತಿಲ್ಲವೆಂದು ಪ್ರಕಾಶರೇ ಅಂದು ನೇರವಾಗಿ ಹೇಳಿದರು.

ಹಾಗೆಂದು ಹಳೆಯ ಕೊರತೆಗಳನ್ನು ಕೊಂಡಾಡಬೇಕಿಲ್ಲ. ಮದುವೆ ಮಂಟಪದಲ್ಲಿ ಆಡಿದ ಮಕ್ಕಳೆಲ್ಲ ಚಾಂಪಿಯನ್ನರಾಗಲಿಲ್ಲ. ಇಂದಿನ ಮಕ್ಕಳಿಗೆ ಒಳ್ಳೆಯ ಅಂಗಣ, ನುರಿತ ತರಬೇತುದಾರರು ಬೇಕೇ ಬೇಕು. ಅದರೊಡನೆ ಸೋಲನ್ನು ಅರಗಿಸಿಕೊಳ್ಳಲು ಸಮಯವೂ ಬೇಕು. ಮೊದಲ ಸುತ್ತಿನಲ್ಲಿ ಸೋತು ಬಂದ ಏಳರ ಮಗುವನ್ನು ‘ಇವನ ಕೈಯಲ್ಲಿ ಆಗದು’ ಎಂದು ಅಂದೇ ಮನೆಗೆ ಕರೆದೊಯ್ದಿದ್ದರೆ ವೆಂಬ್ಲಿಯ ಆ ದಿನ ಬರುತ್ತಲೇ ಇರಲಿಲ್ಲ.