ರೋಬೋಟಿನೊಳಗೆ ಕೂತವರು ಯಾರು?

1972ರಲ್ಲಿ ಗೋ ನಾಗಾಯ್ ರಚಿಸಿದ ‘ಮಾಜಿಂಗರ್ ಝೆಡ್’ನಲ್ಲಿ ದೈತ್ಯ ರೋಬೋಟಿಗೆ ತಾನಾಗಿಯೇ ಜೀವ ಬರುವುದಿಲ್ಲ. ಕೋಜಿ ಎಂಬ ಹುಡುಗ ಪುಟ್ಟ ವಾಹನದಲ್ಲಿ ಹಾರಿಬಂದು ಅದರ ನೆತ್ತಿಯಲ್ಲಿ ಕೂತರೆ ಮಾತ್ರ ಅದು ಕದಲುತ್ತದೆ. ಬಂಡಾಯ್‌ನ ಅಂಗಸಂಸ್ಥೆಯಾದ ಪಾಪಿ ಕಂಪನಿ ಮರುವರ್ಷವೇ ಇದನ್ನು ಸುಮಾರು ಎರಡಡಿ ಎತ್ತರದ ಪ್ಲಾಸ್ಟಿಕ್ ಗೊಂಬೆಯಾಗಿಯೂ, 1974ರಲ್ಲಿ ಅಂಗೈಯಲ್ಲಿ ಹಿಡಿಯಬಹುದಾದ ಲೋಹದ ಗೊಂಬೆಯಾಗಿಯೂ ಮಾರಿತು. ಅದನ್ನು ಕೊಂಡ ಜಪಾನಿನ ಮಗುವಿಗೆ ಕಥೆ ಟೀವಿಯಿಂದ ಮೊದಲೇ ಗೊತ್ತಿತ್ತು. ಆದರೆ ಇಂಥ ಗೊಂಬೆಗಳು ಅಮೆರಿಕಕ್ಕೆ ಹೋದಾಗ ಕಥೆ ಜೊತೆಗೆ ಹೋಗಲಿಲ್ಲ. ಅಲ್ಲಿ ಹುಟ್ಟಿದ ಕಾಮಿಕ್‌ಗಳನ್ನು ಜಪಾನಿ ಕಥೆಗಳ ಕೆಟ್ಟ ನಕಲು ಎಂದು ತಳ್ಳಿಹಾಕುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಒಳಗೆ ಕೂತವರು ಯಾರು ಎಂಬ ಪ್ರಶ್ನೆಗೆ ಅವು ಹೊಸದಾಗಿ ಉತ್ತರ ಹುಡುಕಿದವು. ಆ ಉತ್ತರವನ್ನು ರೂಪಿಸಿದ್ದರಲ್ಲಿ ಕಲ್ಪನೆಯಷ್ಟೇ ಪಾಲು ಹಕ್ಕುಸ್ವಾಮ್ಯದ್ದೂ ಇದೆ.

ಮ್ಯಾಟೆಲ್ ಕಂಪನಿ ಈ ಗೊಂಬೆಗಳನ್ನು ‘ಶೋಗನ್ ವಾರಿಯರ್ಸ್’ ಹೆಸರಿನಲ್ಲಿ ಮಾರಿತು. 1979ರಲ್ಲಿ ಡಗ್ ಮೆಂಚ್ ಬರೆದು ಹರ್ಬ್ ಟ್ರಿಂಪ್ ಚಿತ್ರಿಸಿದ ಮಾರ್ವೆಲ್ ಕಾಮಿಕ್ ಅವುಗಳಲ್ಲಿ ಮೂರನ್ನು ಎತ್ತಿಕೊಂಡಿತು: ರೇಡೀನ್, ಕೊಂಬಾತ್ರಾ, ಡ್ಯಾಂಗಾರ್ಡ್ ಏಸ್. ಜಪಾನಿನಲ್ಲಿ ಇವು ಬೇರೆ ಬೇರೆ ಧಾರಾವಾಹಿಗಳ ನಾಯಕರು; ಮೆಂಚ್ ಮೂರನ್ನೂ ಒಂದೇ ಕಥೆಗೆ ತಂದರು. ಅಮೆರಿಕದ ಸ್ಟಂಟ್‌ಮ್ಯಾನ್, ಜಪಾನಿನ ಮಹಿಳಾ ಪೈಲಟ್ ಗೆಂಜಿ, ಮಡಗಾಸ್ಕರಿನ ಸಾಗರವಿಜ್ಞಾನಿ ಅವುಗಳನ್ನು ನಡೆಸಿದರು. ಮೂಲದಲ್ಲಿ ಐವರು ಕೂಡಿ ನಡೆಸುತ್ತಿದ್ದ ಕೊಂಬಾತ್ರಾ ಇಲ್ಲಿ ಗೆಂಜಿ ಒಬ್ಬಳ ಕೈಗೆ ಬಂತು. 1980ರಲ್ಲಿ, 20 ಸಂಚಿಕೆಗಳಿಗೆ ಕಾಮಿಕ್ ನಿಂತಿತು. ಬಳಿಕ ನಡೆದದ್ದೇ ನನ್ನ ವಾದಕ್ಕೆ ಗಟ್ಟಿ ಸಾಕ್ಷಿ. ಮಾರ್ವೆಲ್‌ನದೇ ಇನ್ನೊಂದು ಕಾಮಿಕ್ ‘ಫೆಂಟಾಸ್ಟಿಕ್ ಫೋರ್’ನ 226ನೇ ಸಂಚಿಕೆಯಲ್ಲಿ ಅದೇ ಮೂವರು ನೆರವು ಕೇಳಿ ಬರುತ್ತಾರೆ, ಅವರ ರೋಬೋಟ್‌ಗಳು ಆಗಲೇ ನಾಶವಾಗಿವೆ. ಗೊಂಬೆಯ ರೂಪ ಪರರದ್ದು, ಮನುಷ್ಯರು ಮಾತ್ರ ಮಾರ್ವೆಲ್‌ನ ಸ್ವಂತ ಸೃಷ್ಟಿ. ಎರವಲು ಮುಗಿದಾಗ ಉಳಿದದ್ದು ಪೈಲಟ್‌ಗಳು.

1984ರ ‘ಟ್ರಾನ್ಸ್‌ಫಾರ್ಮರ್ಸ್’ ಹೊತ್ತಿಗೆ ಉತ್ತರ ತಲೆಕೆಳಗಾಯಿತು. ಹ್ಯಾಸ್ಬ್ರೋ ತಂದ ಗೊಂಬೆಗಳಲ್ಲಿ ಅನೇಕವು ತಕಾರಾ ಕಂಪನಿಯ ‘ಡಯಾಕ್ಲೋನ್’ ಸಾಲಿನವು. ಅಲ್ಲಿ ಅವು ಬರೀ ಯಂತ್ರಗಳು. ಕಾಲಡಿ ಅಯಸ್ಕಾಂತವಿದ್ದ ಪುಟಾಣಿ ಚಾಲಕರು ಅವುಗಳನ್ನು ಓಡಿಸುತ್ತಿದ್ದರು. ಮಾರ್ವೆಲ್‌ನ ಜಿಮ್ ಶೂಟರ್, ಬಾಬ್ ಬುಡಿಯಾನ್‌ಸ್ಕಿ ಆ ಯಂತ್ರಗಳಿಗೇ ಹೆಸರು, ಸ್ವಭಾವ, ಜಗಳಗಳನ್ನು ಕೊಟ್ಟರು. ಪೆಟ್ಟಿಗೆಯಲ್ಲಿ ಚಾಲಕ ಇಲ್ಲವಾದ. ಅಚ್ಚು ಮಾತ್ರ ಹಳೆಯದೇ: ಜಾಝ್ ಎಂಬ ಕಾರಿನ ಬಾಗಿಲು ತೆರೆದರೆ, ಬರದೇ ಹೋದ ಆ ಚಾಲಕನ ಸೀಟು ಇಂದಿಗೂ ಕಾಣುತ್ತದೆ.

ಪೈಲಟ್ ಇಲ್ಲದ ರೋಬೋಟ್ ಜಪಾನಿಗೆ ಹೊಸದೇನಲ್ಲ ಎಂದು ಆಕ್ಷೇಪಿಸಬಹುದು. ನಿಜ. ತೆಝುಕಾ ಅವರ ‘ಆಸ್ಟ್ರೋ ಬಾಯ್’ 1952ರಲ್ಲೇ ತಾನಾಗಿ ಯೋಚಿಸುತ್ತಿದ್ದ. ಯೊಕೊಯಾಮಾ ಅವರ ‘ಟೆಟ್ಸುಜಿನ್ 28’ ರಿಮೋಟ್‌ನಲ್ಲಿ ನಡೆಯುತ್ತಿತ್ತು. ಆದರೆ ಎಪ್ಪತ್ತರ ದಶಕದಲ್ಲಿ ಕಡಲು ದಾಟಿದ ಆಟಿಕೆಗಳು ಮುಖ್ಯವಾಗಿ ಮಾಜಿಂಗರ್ ಪರಂಪರೆಯವು. ನಾನು ಮಾತಾಡುತ್ತಿರುವುದು ಅವುಗಳ ಬಗ್ಗೆ. ಇನ್ನು, ಇವೆಲ್ಲ ಆಟಿಕೆಯ ಜಾಹೀರಾತುಗಳಷ್ಟೇ ಎಂಬ ಮಾತು. ಜಾಹೀರಾತಿನ ಉದ್ದೇಶ ಇತ್ತು, ಅದನ್ನು ಮುಚ್ಚಿಡಬೇಕಿಲ್ಲ. ಜಪಾನಿನಲ್ಲೂ ಕಥೆ, ಆಟಿಕೆ ಕೈಕೈ ಹಿಡಿದೇ ಬೆಳೆದವು. ಆದರೆ ನಾಲ್ಕೇ ಸಂಚಿಕೆಗೆಂದು ಶುರುವಾದ ‘ಟ್ರಾನ್ಸ್‌ಫಾರ್ಮರ್ಸ್’ ಕಾಮಿಕ್ 1991ರವರೆಗೆ, 80 ಸಂಚಿಕೆ ನಡೆಯಿತು. ಗೊಂಬೆ ಮಾರುವುದಷ್ಟೇ ಆಗಿದ್ದರೆ ಓದುಗರು ಅಷ್ಟು ವರ್ಷ ಜೊತೆಗಿರುತ್ತಿರಲಿಲ್ಲ.