ಸ್ಟಾರ್ ಕೈಗೇ ಎಲ್ಲ ಬಾಲ್ ಕೊಟ್ಟರೆ ತಂಡ ಗೆಲ್ಲುತ್ತಾ? ಬ್ಯಾಸ್ಕೆಟ್‌ಬಾಲ್ ಶಾಟ್ ಆಯ್ಕೆಯ ಲೆಕ್ಕ ಇಲ್ಲಿದೆ

ಬೆಂಗಳೂರು: ಬಸವನಗುಡಿ, ಮಲ್ಲೇಶ್ವರಂ, ಚಾಮರಾಜಪೇಟೆಯ ಶಾಲಾ-ಕಾಲೇಜು ಅಂಗಳಗಳಲ್ಲಿ ಸಂಜೆ ಹೊತ್ತು ಬ್ಯಾಸ್ಕೆಟ್‌ಬಾಲ್ ನೋಡಿದವರಿಗೆ ಈ ದೃಶ್ಯ ಹೊಸದೇನಲ್ಲ. ತಂಡದಲ್ಲಿ ಚೆನ್ನಾಗಿ ಆಡುವ ಹುಡುಗನೋ ಹುಡುಗಿಯೋ ಒಬ್ಬರು ಇದ್ದೇ ಇರ್ತಾರೆ. ಪಂದ್ಯ ಬಿಗಿಯಾದ ಕೂಡಲೇ ಕಾಂಪೌಂಡ್ ಪಕ್ಕ ನಿಂತವರೆಲ್ಲ ‘ಅವನಿಗೇ ಕೊಡ್ರೋ, ಅವನೇ ಹಾಕ್ತಾನೆ’ ಅಂತ ಕೂಗೋಕೆ ಶುರು ಮಾಡ್ತಾರೆ. ಬಾಲ್ ಅವನ ಕೈಗೇ ಹೋಗುತ್ತೆ. ಎದುರು ತಂಡದ ಇಬ್ಬರು ಅವನನ್ನೇ ಮುತ್ತುತ್ತಾರೆ. ಜೊತೆಗಿರುವ ನಾಲ್ವರು ನಿಂತು ನೋಡ್ತಾರೆ. ಪಂದ್ಯ ಸೋತರೂ ಮರುದಿನದ ಮಾತು ಒಂದೇ: ‘ಒಬ್ಬನೇ 30 ಪಾಯಿಂಟ್ ಹೊಡೆದ, ಮಿಕ್ಕವರು ಕೈಕೊಟ್ಟರು.’

ಮಿಕ್ಕವರು ನಿಜಕ್ಕೂ ಕೈಕೊಟ್ಟರಾ, ಇಲ್ಲಾ ಅವರ ಕೈಗೆ ಬಾಲೇ ಬರಲಿಲ್ಲವಾ? ಇದಕ್ಕೆ ಉತ್ತರ ಕಾಗದ, ಪೆನ್ಸಿಲ್ ಹಿಡಿದರೆ ಸಿಗುತ್ತದೆ. ಮಕ್ಕಳನ್ನು ಕೋರ್ಟ್‌ಗೆ ಕಳಿಸುವ ಪೋಷಕರು, ತಂಡಕ್ಕೆ ಜೆರ್ಸಿ, ಟ್ರೋಫಿ ಕೊಡಿಸುವ ಅಂಗಡಿಯವರು, ಆಡುವ ಮಕ್ಕಳು ತಿಳಿದಿರಬೇಕಾದ ಲೆಕ್ಕ ಇದು.

ಶಾಟ್ ಆಯ್ಕೆ ಅಂದರೇನು?

ಬಾಲ್ ಕೈಗೆ ಬಂದಾಗ ಈಗ ಎಸೆಯಬೇಕಾ, ಇನ್ನೊಬ್ಬರಿಗೆ ಪಾಸ್ ಕೊಡಬೇಕಾ, ಇನ್ನೂ ಹತ್ತಿರ ನುಗ್ಗಬೇಕಾ ಎಂದು ತೀರ್ಮಾನಿಸುವುದೇ ಶಾಟ್ ಆಯ್ಕೆ. ಅಂತರರಾಷ್ಟ್ರೀಯ ನಿಯಮದಲ್ಲಿ ಇದಕ್ಕೆ 24 ಸೆಕೆಂಡ್ ಸಮಯ. ಅದರಲ್ಲಿ ಮೊದಲ 8 ಸೆಕೆಂಡ್ ಒಳಗೆ ಅರ್ಧ ಕೋರ್ಟ್ ದಾಟಬೇಕು. ಎಸೆದ ಬಾಲ್ ರಿಂಗ್‌ಗೆ ಬಡಿದು ವಾಪಸ್ ಅದೇ ತಂಡಕ್ಕೆ ಸಿಕ್ಕರೆ ಮತ್ತೆ 14 ಸೆಕೆಂಡ್ ಸಿಗುತ್ತದೆ.

ಯಾವ ಶಾಟ್ ಎಷ್ಟು ಬಾಳುತ್ತದೆ ಅನ್ನೋದನ್ನು ಅಂಗಡಿ ಲೆಕ್ಕದ ಹಾಗೆ ನೋಡಬಹುದು. ಒಂದು ಎಸೆತಕ್ಕೆ ಸರಾಸರಿ ಎಷ್ಟು ಪಾಯಿಂಟ್ ಬರುತ್ತೆ ಅನ್ನೋದೇ ಮುಖ್ಯ. ಉದಾಹರಣೆಗೆ ಒಬ್ಬ ಆಟಗಾರನ ಕೈ ಹೀಗಿದೆ ಎಂದುಕೊಳ್ಳಿ.

ರಿಂಗ್ ಕೆಳಗಿನ ಲೇಅಪ್: 10ರಲ್ಲಿ 6 ಬೀಳುತ್ತೆ. ಒಂದು ಎಸೆತಕ್ಕೆ 1.2 ಪಾಯಿಂಟ್.
ಮಧ್ಯದ ದೂರದಿಂದ ಜಂಪ್ ಶಾಟ್: 10ರಲ್ಲಿ 4 ಬೀಳುತ್ತೆ. ಒಂದು ಎಸೆತಕ್ಕೆ 0.8 ಪಾಯಿಂಟ್.
ತ್ರೀ ಪಾಯಿಂಟರ್: 3ರಲ್ಲಿ 1 ಬೀಳುತ್ತೆ. ಒಂದು ಎಸೆತಕ್ಕೆ 1 ಪಾಯಿಂಟ್.
ಫೌಲ್ ಆಗಿ ಸಿಗುವ ಎರಡು ಫ್ರೀ ಥ್ರೋ: 10ರಲ್ಲಿ 7 ಬೀಳುತ್ತೆ. ಎರಡಕ್ಕೆ ಸೇರಿ 1.4 ಪಾಯಿಂಟ್.

ನೋಡೋಕೆ ಬಹಳ ಚೆಂದ ಕಾಣುವ, ಚಪ್ಪಾಳೆ ಗಿಟ್ಟಿಸುವ ಮಧ್ಯದ ಜಂಪ್ ಶಾಟ್ ಇಲ್ಲಿ ಎಲ್ಲಕ್ಕಿಂತ ಕಡಿಮೆ ಬಾಳುತ್ತದೆ. ಗೆರೆಯ ಒಳಗೆ ಒಂದು ಕಾಲಿಟ್ಟು ಎಸೆದ ಉದ್ದನೆಯ ಶಾಟ್ ಅಂತೂ ಶುದ್ಧ ನಷ್ಟ. ಅರ್ಧ ಹೆಜ್ಜೆ ಹಿಂದೆ ಸರಿದರೆ ಅದೇ ಶಾಟ್‌ಗೆ 3 ಪಾಯಿಂಟ್. ಫಿಬಾ ನಿಯಮದಲ್ಲಿ ತ್ರೀ ಪಾಯಿಂಟ್ ಗೆರೆ ಮೊದಲು 6.25 ಮೀಟರ್ ಇತ್ತು. 2010ರಲ್ಲಿ ಅದನ್ನು 6.75 ಮೀಟರ್‌ಗೆ ಹಿಂದೆ ಸರಿಸಲಾಯಿತು. ಹಳೇ ಕೋರ್ಟ್‌ನಲ್ಲಿ ಅಭ್ಯಾಸ ಮಾಡುವವರು ಒಮ್ಮೆ ಟೇಪ್ ಹಿಡಿದು ಅಳೆದು ನೋಡುವುದು ಒಳ್ಳೆಯದು.

ಸ್ಟಾರ್ ಲೆಕ್ಕ: 20 ಎಸೆತಕ್ಕೆ 58, 40 ಎಸೆತಕ್ಕೆ 54

ಒಳ್ಳೆಯ ಆಟಗಾರ ಹೆಚ್ಚು ಎಸೆದರೆ ಹೆಚ್ಚು ಪಾಯಿಂಟ್ ಬರಬೇಕಲ್ಲ ಅನ್ನೋದು ಎಲ್ಲರ ಪ್ರಶ್ನೆ. ತೊಡಕು ಇರೋದು ಎದುರಾಳಿಗಳ ಕಡೆ. ಅವನೇ ಎಸೀತಾನೆ ಅಂತ ಗೊತ್ತಾದ ಮೇಲೆ ಅವರು ಅವನ ದಾರಿಯನ್ನೇ ಕಾಯುತ್ತಾರೆ. ಸುಲಭದ ಶಾಟ್‌ಗಳು ಮುಗಿದು, ಕೈ ಅಡ್ಡ ಇರುವ, ಸುಸ್ತಾದ ಮೇಲಿನ ಶಾಟ್‌ಗಳು ಉಳಿಯುತ್ತವೆ. ಎಸೆತ ಹೆಚ್ಚಿದಂತೆ ಸರಾಸರಿ ಇಳಿಯುತ್ತದೆ.

ಲೆಕ್ಕಕ್ಕೆಂದು ಹೀಗಿಟ್ಟುಕೊಳ್ಳಿ. ಪಂದ್ಯದಲ್ಲಿ ತಂಡಕ್ಕೆ ಒಟ್ಟು 60 ಎಸೆತ. ಮಿಕ್ಕ ನಾಲ್ವರ ಸರಾಸರಿ ಒಂದು ಎಸೆತಕ್ಕೆ 0.9 ಪಾಯಿಂಟ್. ಸ್ಟಾರ್ 10 ಸಲ ಎಸೆದರೆ ಸರಾಸರಿ 1.2, 20 ಸಲಕ್ಕೆ 1.1, 30 ಸಲಕ್ಕೆ 1.0, 40 ಸಲಕ್ಕೆ 0.9.

ಸ್ಟಾರ್ 10 ಎಸೆದರೆ: 12 + 45 = 57
ಸ್ಟಾರ್ 20 ಎಸೆದರೆ: 22 + 36 = 58
ಸ್ಟಾರ್ 30 ಎಸೆದರೆ: 30 + 27 = 57
ಸ್ಟಾರ್ 40 ಎಸೆದರೆ: 36 + 18 = 54

ಮೂರನೇ ಸಾಲು ಗಮನಿಸಿ. 30 ಎಸೆತದಲ್ಲೂ ಸ್ಟಾರ್ ಮಿಕ್ಕವರಿಗಿಂತ ಚೆನ್ನಾಗಿಯೇ ಆಡುತ್ತಿದ್ದಾನೆ. ಅವನದು 1.0, ಅವರದು 0.9. ಆದರೂ ತಂಡ 1 ಪಾಯಿಂಟ್ ಕಳೆದುಕೊಂಡಿದೆ. 20 ದಾಟಿದ ಮೇಲಿನ 10 ಎಸೆತಕ್ಕೆ ಅವನು ತಂದಿದ್ದು 8 ಪಾಯಿಂಟ್, ಅದೇ 10 ಎಸೆತ ಮಿಕ್ಕವರಿಗೆ ಸಿಕ್ಕಿದ್ದರೆ 9 ಬರುತ್ತಿತ್ತು. 40ಕ್ಕೆ ಹೋದರೆ 54. ಅಷ್ಟು ಪಾಯಿಂಟ್ ಸ್ಟಾರ್ ಒಂದೂ ಎಸೆಯದೆ ಇದ್ದರೂ ಬರುತ್ತಿತ್ತು. ಸ್ಕೋರ್ ಪುಸ್ತಕದಲ್ಲಿ ಮಾತ್ರ ಅವನ ಹೆಸರ ಮುಂದೆ 36 ಇರುತ್ತೆ, ಎಲ್ಲರೂ ಬೆನ್ನು ತಟ್ಟುತ್ತಾರೆ.

ಪರಿಷೆ ದಿನದ ಬುಲ್ ಟೆಂಪಲ್ ರಸ್ತೆ

ಬಸವನಗುಡಿಯವರಿಗೆ ಇದನ್ನು ಬೇರೆ ರೀತಿ ಹೇಳಿದರೆ ತಕ್ಷಣ ಅರ್ಥವಾಗುತ್ತದೆ. ಬುಲ್ ಟೆಂಪಲ್ ರಸ್ತೆ ನೇರ ದಾರಿ. ಆದರೆ ಕಾರ್ತಿಕದ ಕೊನೇ ಸೋಮವಾರ ಕಡಲೆಕಾಯಿ ಪರಿಷೆ ಹೊತ್ತಲ್ಲಿ ಆ ದಾರಿ ಹಿಡಿದವರ ಪಾಡು ಗೊತ್ತೇ ಇದೆ. ರಸ್ತೆ ಕೆಟ್ಟಿಲ್ಲ, ಎಲ್ಲರೂ ಅದನ್ನೇ ಹಿಡಿದಿದ್ದಾರೆ ಅಷ್ಟೇ. ಸ್ವಲ್ಪ ಜನ ಸುತ್ತು ದಾರಿ ಹಿಡಿದರೆ ಎರಡೂ ಕಡೆಯವರು ಬೇಗ ಮನೆ ಸೇರುತ್ತಾರೆ.

ಇದು ಬರೀ ಹೋಲಿಕೆ ಅಲ್ಲ. 1968ರಲ್ಲಿ ಜರ್ಮನಿಯ ಗಣಿತಜ್ಞ ಡೀಟ್ರಿಚ್ ಬ್ರಾಸ್ ಒಂದು ವಿಚಿತ್ರ ಸಂಗತಿ ತೋರಿಸಿಕೊಟ್ಟರು. ಹೊಸ ಅಡ್ಡದಾರಿ ತೆರೆದರೆ ಎಲ್ಲರೂ ಅದಕ್ಕೇ ನುಗ್ಗಿ, ಒಟ್ಟು ಸಂಚಾರ ಮೊದಲಿಗಿಂತ ನಿಧಾನವಾಗುವ ಸಾಧ್ಯತೆ ಇದೆ ಎಂಬುದು ಅವರ ಲೆಕ್ಕ. 2010ರಲ್ಲಿ ಅಮೆರಿಕದ ಭೌತವಿಜ್ಞಾನಿ ಬ್ರಯಾನ್ ಸ್ಕಿನ್ನರ್ ಅದೇ ಗಣಿತವನ್ನು ಬ್ಯಾಸ್ಕೆಟ್‌ಬಾಲ್‌ಗೆ ಹೊಂದಿಸಿ ಪ್ರಬಂಧ ಬರೆದರು. ಎನ್‌ಬಿಎ ಶೂಟರ್ ರೇ ಅಲೆನ್ ಅವರನ್ನು ಉದಾಹರಣೆಯಾಗಿ ಇಟ್ಟುಕೊಂಡು, ಒಳ್ಳೆಯ ಶಾಟ್ ಅನ್ನು ಅದು ಸವೆಯುವ ಮುನ್ನವೇ ನಿಲ್ಲಿಸಿ ಬೇರೆ ಶಾಟ್‌ಗಳಿಗೂ ಜಾಗ ಕೊಡುವುದು ಲಾಭ ಎಂದು ಅವರು ವಾದಿಸಿದರು.

100 ಪಾಯಿಂಟ್ ಹೊಡೆದವರು ಕಪ್ ಗೆದ್ದಿದ್ದು ಯಾವಾಗ?

ಆಟದ ಚರಿತ್ರೆಯಲ್ಲೂ ಇದಕ್ಕೆ ಸಾಕ್ಷಿ ಇದೆ. ವಿಲ್ಟ್ ಚೇಂಬರ್ಲೇನ್ 1962ರ ಮಾರ್ಚ್ 2ರಂದು ಒಂದೇ ಎನ್‌ಬಿಎ ಪಂದ್ಯದಲ್ಲಿ 100 ಪಾಯಿಂಟ್ ಗಳಿಸಿದರು. ಆ ಋತುವಿನಲ್ಲಿ ಅವರ ಸರಾಸರಿ ಪಂದ್ಯಕ್ಕೆ 50.4 ಪಾಯಿಂಟ್, ಸುಮಾರು 40 ಎಸೆತ. ಚಾಂಪಿಯನ್‌ಶಿಪ್ ಮಾತ್ರ ಸಿಗಲಿಲ್ಲ. 1966-67ರಲ್ಲಿ ಕೋಚ್ ಅಲೆಕ್ಸ್ ಹ್ಯಾನಮ್ ಕೈಕೆಳಗೆ ಅವರು ಆಟದ ರೀತಿಯನ್ನೇ ಬದಲಿಸಿದರು. ಎಸೆತ ಸುಮಾರು 14ಕ್ಕೆ, ಸರಾಸರಿ 24.1 ಪಾಯಿಂಟ್‌ಗೆ ಇಳಿಯಿತು. ಆದರೆ ಎಸೆದದ್ದರಲ್ಲಿ ಶೇ 68 ಬಿತ್ತು, ಪಂದ್ಯಕ್ಕೆ 8ರ ಹತ್ತಿರ ಅಸಿಸ್ಟ್ ಬಂತು. ಫಿಲಡೆಲ್ಫಿಯಾ ತಂಡ 68 ಪಂದ್ಯ ಗೆದ್ದು ಕಪ್ ಎತ್ತಿತು.

ನಮ್ಮೂರಿನ ಕಂಠೀರವದಲ್ಲಿ ಕಂಡಿದ್ದು

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಚಾಮರಾಜಪೇಟೆಯಿಂದ ಆಟೋ ಹಿಡಿದರೆ ಸ್ವಲ್ಪ ಹೊತ್ತಿನ ದಾರಿಯಲ್ಲಿರುವ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ 2017 ಮತ್ತು 2019ರಲ್ಲಿ ಫಿಬಾ ಮಹಿಳಾ ಏಷ್ಯಾ ಕಪ್ ನಡೆಯಿತು. 2017ರಲ್ಲಿ ಭಾರತ ಬಿ ವಿಭಾಗದ ಫೈನಲ್‌ನಲ್ಲಿ ಕಜಕಸ್ತಾನವನ್ನು 75-73ರಿಂದ ಸೋಲಿಸಿ ಎ ವಿಭಾಗಕ್ಕೆ ಏರಿತು.

2019ರ ಸೆಪ್ಟೆಂಬರ್ 29ರ ಫೈನಲ್‌ನಲ್ಲಿ ಜಪಾನ್ 71-68ರಿಂದ ಚೀನಾವನ್ನು ಮಣಿಸಿ ಸತತ ನಾಲ್ಕನೇ ಸಲ ಕಪ್ ಗೆದ್ದಿತು. ಚೀನಾದವರ ಎತ್ತರದ ಎದುರು ಜಪಾನ್ ನಂಬಿದ್ದು ಓಟ, ಬೇಗಬೇಗ ಪಾಸ್, ಹೊರಗಿನಿಂದ ತ್ರೀ, ಜಾಗ ಸಿಕ್ಕಾಗ ಒಳಗೆ ನುಗ್ಗಿ ಲೇಅಪ್. ಕೋಚ್ ಟಾಮ್ ಹೊವಾಸ್ ಅವರ ಅದೇ ಆಟ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ತಂದುಕೊಟ್ಟಿತು. ಅಲ್ಲಿ ಫ್ರಾನ್ಸ್ ವಿರುದ್ಧದ ಸೆಮಿಫೈನಲ್‌ನಲ್ಲಿ ರೂಯಿ ಮಚಿದಾ ಕೊಟ್ಟಿದ್ದು 18 ಅಸಿಸ್ಟ್, ಒಲಿಂಪಿಕ್ಸ್ ದಾಖಲೆ. ಪಾಸ್ ಕೊಟ್ಟೇ ಸ್ಟಾರ್ ಆದವರು ಅವರು.

ಹಾಗಾದರೆ ಸ್ಟಾರ್ ಏನು ಮಾಡಬೇಕು?

ಇಬ್ಬರು ಮುತ್ತಿದರೆ ಪಾಸ್: ಒಬ್ಬನ ಮೇಲೆ ಇಬ್ಬರು ಬಿದ್ದರೆ, ಮಿಕ್ಕ ಕಡೆ ಎದುರಾಳಿಗಳು ಮೂವರೇ, ನಮ್ಮವರು ನಾಲ್ವರು. ಯಾರೋ ಒಬ್ಬರು ಖಾಲಿ ನಿಂತಿರಲೇಬೇಕು. ಪಾಸ್ ತಡವಾದಷ್ಟೂ ಆ ಲಾಭ ಕರಗುತ್ತದೆ.

ಸ್ಕ್ರೀನ್ ಬಳಸಿ: ಜೊತೆಗಾರ ಅಡ್ಡ ನಿಂತು ಎದುರಾಳಿಯನ್ನು ತಡೆದು, ಆಮೇಲೆ ರಿಂಗ್ ಕಡೆ ಓಡುವುದು ಪಿಕ್ ಅಂಡ್ ರೋಲ್. ಸ್ಟಾರ್‌ಗೆ ಶಾಟ್, ಓಡುವವನಿಗೆ ಪಾಸ್, ಮೂಲೆಯಲ್ಲಿ ನಿಂತವನಿಗೆ ತ್ರೀ, ಹೀಗೆ ಮೂರು ದಾರಿ ತೆರೆಯುತ್ತದೆ.

ಬಾಲ್ ಇಲ್ಲದಾಗಲೂ ಓಡಿ: ಸ್ಟಾರ್ ಓಡಿದರೆ ಕಾಯುವವರೂ ಹಿಂದೆ ಓಡಬೇಕು. ಅಷ್ಟರಲ್ಲಿ ಬೇರೆಯವರಿಗೆ ಜಾಗ ಸಿಗುತ್ತದೆ.

ಫೌಲ್ ಲೆಕ್ಕ ಇಡಿ: ಒಂದು ಕ್ವಾರ್ಟರ್‌ನಲ್ಲಿ ಎದುರು ತಂಡದ ಫೌಲ್ 4 ಆದ ಮೇಲೆ, ಶಾಟ್ ಎಸೆಯದೆ ಇದ್ದಾಗ ಫೌಲ್ ಮಾಡಿದರೂ ಎರಡು ಫ್ರೀ ಥ್ರೋ ಸಿಗುತ್ತದೆ. ಆಗ ದೂರದಿಂದ ಎಸೆಯುವುದಕ್ಕಿಂತ ಒಳಗೆ ನುಗ್ಗುವುದು ಲಾಭ.

ಕಷ್ಟದ ಶಾಟ್ ಕೊನೆಗಿರಲಿ: ಶಾಟ್ ಕ್ಲಾಕ್‌ನಲ್ಲಿ 4-5 ಸೆಕೆಂಡ್ ಉಳಿದು ಬೇರೇನೂ ಸಿಗದಿದ್ದಾಗ, ಕೈ ಅಡ್ಡ ಇದ್ದರೂ ಎಸೆಯುವ ಜವಾಬ್ದಾರಿ ಸ್ಟಾರ್‌ದೇ. ಆ ಕಷ್ಟದ ಶಾಟ್ ಅವನಿಗೆ ಬರುತ್ತೆ ಅಂತಲೇ ಅವನು ಸ್ಟಾರ್. ಅದನ್ನು 20 ಸೆಕೆಂಡ್ ಉಳಿದಿರುವಾಗಲೇ ಎಸೆದರೆ ತಪ್ಪು.

3x3 ಆಡುವವರು ಗಮನಿಸಿ

ಅರ್ಧ ಕೋರ್ಟ್‌ನ 3x3 ಆಟದಲ್ಲಿ ಲೆಕ್ಕವೇ ಬೇರೆ. ಅಲ್ಲಿ ಗೆರೆಯ ಒಳಗೆ 1 ಪಾಯಿಂಟ್, ಹೊರಗೆ 2 ಪಾಯಿಂಟ್. 12 ಸೆಕೆಂಡ್ ಒಳಗೆ ಎಸೆಯಬೇಕು. 10 ನಿಮಿಷದೊಳಗೆ ಮೊದಲು 21 ಮುಟ್ಟಿದವರು ಗೆದ್ದಂತೆ. ಹೊರಗಿನ ಶಾಟ್‌ಗೆ ದುಪ್ಪಟ್ಟು ಬೆಲೆ ಇರುವುದರಿಂದ 3ರಲ್ಲಿ 1 ಬಿದ್ದರೂ, ಒಳಗಿನಿಂದ 3ರಲ್ಲಿ 2 ಹಾಕಿದ್ದಕ್ಕೆ ಸಮ. ಐದು ಜನರ ಆಟದ ಅಭ್ಯಾಸವನ್ನೇ ಇಲ್ಲಿಗೂ ತಂದರೆ ಸೋಲು ಖಚಿತ.

ಪೋಷಕರು, ಕೋಚ್‌ಗಳಿಗೆ ಒಂದು ನೋಟ್‌ಬುಕ್ ಸಾಕು

ಇದನ್ನೆಲ್ಲ ನಮ್ಮ ತಂಡಕ್ಕೆ ಅನ್ವಯಿಸೋಕೆ ಕಂಪ್ಯೂಟರ್ ಬೇಡ. 10 ರೂಪಾಯಿ ನೋಟ್‌ಬುಕ್‌ನಲ್ಲಿ ಅರ್ಧ ಕೋರ್ಟ್ ಚಿತ್ರ ಬರೆದು, ಎಸೆದ ಜಾಗದಲ್ಲಿ ಬಿದ್ದರೆ ಸುನ್ನ, ಬೀಳದಿದ್ದರೆ ಗುಣಿಸು ಚಿಹ್ನೆ ಹಾಕಿ. ಸ್ಟಾರ್‌ದು ಒಂದು ಪುಟ, ಮಿಕ್ಕವರದು ಇನ್ನೊಂದು. ಮೂರು ನಾಲ್ಕು ಪಂದ್ಯ ಆದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಸ್ಟಾರ್ 20 ಸಲ ಎಸೆದ ಪಂದ್ಯದಲ್ಲಿ ಎಷ್ಟು ಬಿತ್ತು, 30 ಸಲ ಎಸೆದಾಗ ಎಷ್ಟು ಬಿತ್ತು ಅಂತ ಹೋಲಿಸಿದರೆ ಗೆರೆ ಎಲ್ಲಿ ಎಳೆಯಬೇಕು ಅನ್ನೋದು ಗೊತ್ತಾಗುತ್ತದೆ.

ಇದರಲ್ಲಿ ಗೆಲುವು ಸೋಲಿಗಿಂತ ದೊಡ್ಡ ವಿಷಯವೂ ಒಂದಿದೆ. ಇಡೀ ಪಂದ್ಯದಲ್ಲಿ ಎರಡೇ ಸಲ ಬಾಲ್ ಮುಟ್ಟಿದ ಮಗು ಮುಂದಿನ ವಾರ ಅಭ್ಯಾಸಕ್ಕೆ ಬರೋದೇ ಇಲ್ಲ. ಟ್ಯೂಷನ್ ಇದೆ ಅಂತ ನೆಪ ಹೇಳುತ್ತೆ, ಮನೆಯವರೂ ಒತ್ತಾಯ ಮಾಡಲ್ಲ. ಹಾಗೆ ಒಬ್ಬೊಬ್ಬರೇ ಬಿಡುತ್ತಾ ಹೋದರೆ ವಲಯ ಮಟ್ಟದ ಪಂದ್ಯ ಬರುವಷ್ಟರಲ್ಲಿ ಸ್ಟಾರ್ ಇರ್ತಾನೆ, ತಂಡ ಇರಲ್ಲ. ಅವನಿಗೂ ನಷ್ಟವೇ. ಊರಿನ ಕೋರ್ಟ್‌ನಲ್ಲಿ ಪಾಸ್ ಕೊಡೋದನ್ನ ಕಲಿಯದವನು, ತನಗಿಂತ ಎತ್ತರದವರು, ವೇಗದವರು ಎದುರಾಗುವ ದೊಡ್ಡ ಮಟ್ಟದಲ್ಲಿ ಏನು ಮಾಡಬೇಕು ಅಂತ ತಿಳಿಯದೆ ನಿಲ್ಲುತ್ತಾನೆ.

ಮುಂದಿನ ಸಲ ಪಂದ್ಯ ನೋಡಲು ಹೋದವರು ‘ಅವನಿಗೇ ಕೊಡ್ರೋ’ ಅನ್ನೋ ಮುಂಚೆ, ಖಾಲಿ ನಿಂತು ಕೈ ಎತ್ತಿರುವ ಇನ್ನೊಬ್ಬ ಹುಡುಗನ ಕಡೆ ಒಮ್ಮೆ ನೋಡಲಿ. ಕಾಂಪೌಂಡ್ ಪಕ್ಕದ ಕೂಗು ಆ ಕಡೆ ತಿರುಗಿದರೂ ಅರ್ಧ ಕೆಲಸ ಆದಂತೆ.