ನರೆಗೂದಲಿನ ಹೆಸರು

ವಿಶ್ವವಿದ್ಯಾಲಯದ ಸೆನೆಟ್ ಸಭೆ, ಬ್ಯಾಂಕಿನ ಸೀನಿಯರ್ ಸಿಟಿಜನ್ ಠೇವಣಿ. ಈ ಎರಡು ಮಾತುಗಳೂ ಒಂದೇ ಬೇರಿನಿಂದ ಬಂದವು. ಲ್ಯಾಟಿನ್ನಿನಲ್ಲಿ ‘ಸೆನೆಕ್ಸ್’ ಅಂದರೆ ಮುದುಕ. ಅದೇ ಬೇರಿನಿಂದ ಒಂದು ಕಳೆಗಿಡದ ಹೆಸರೂ ಹುಟ್ಟಿತು: ಸೆನೆಸಿಯೊ. ಸೇವಂತಿಗೆ, ಸೂರ್ಯಕಾಂತಿ, ಚೆಂಡುಹೂ ಸೇರಿರುವ ಕುಟುಂಬದ್ದೇ ಗಿಡ. ಇಂಗ್ಲಿಷರು ಇದರಲ್ಲಿ ಕೆಲವನ್ನು ಗ್ರೌಂಡ್‌ಸೆಲ್ ಎಂದೂ ಕೆಲವನ್ನು ರ‍್ಯಾಗ್‌ವರ್ಟ್ ಎಂದೂ ಕರೆಯುತ್ತಾರೆ. ಹೂ ಹಳದಿ. ಬೀಜ ಬಲಿತ ಮೇಲೆ ಹಳದಿ ಹೋಗಿ ಹೂವಿನ ತಲೆಯ ತುಂಬ ರೇಷ್ಮೆಯಂಥ ಬಿಳಿ ಕೂದಲು ನಿಲ್ಲುತ್ತದೆ. ಮುದುಕ ಬಂದದ್ದು ಅಲ್ಲಿಂದ. ಎಕ್ಕದ ಬೀಜ ಗಾಳಿಯಲ್ಲಿ ತೇಲಿ ಬಂದರೆ ಮಲಯಾಳಿ ಮಕ್ಕಳು ‘ಅಪ್ಪೂಪ್ಪನ್ ತಾಡಿ’, ಅಜ್ಜನ ಗಡ್ಡ, ಎಂದು ಅದರ ಹಿಂದೆ ಓಡುತ್ತಾರೆ. ರೋಮಿನವರ ಕಣ್ಣಿಗೂ ಕಂಡದ್ದು ಆ ಅಜ್ಜನೇ.

ಗ್ರೀಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಈ ಗಿಡವನ್ನು ‘ಎರಿಜೆರಾನ್’ ಎಂದರು, ಬೇಗ ಮುದುಕನಾದವನು ಎಂಬ ಅರ್ಥದಲ್ಲಿ. ವಸಂತದಲ್ಲೇ ತಲೆ ನರೆಯುವುದರಿಂದ ಆ ಹೆಸರು ಬಂತೆಂದು ಮೊದಲನೆಯ ಶತಮಾನದ ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಹಲ್ಲುನೋವಿಗೆ ಒಂದು ಮದ್ದನ್ನೂ ಅವನು ದಾಖಲಿಸಿದ. ಗಿಡವನ್ನು ಅಗೆದು ತೆಗೆದು, ಅದನ್ನು ನೋಯುವ ಹಲ್ಲಿಗೆ ಮೂರು ಸಲ ಮುಟ್ಟಿಸಿ, ನಡುನಡುವೆ ಉಗುಳಿ, ಮತ್ತೆ ಅದೇ ಜಾಗದಲ್ಲಿ ನೆಡಬೇಕಂತೆ. ಗಿಡ ಚಿಗುರಿದರೆ ಆ ಹಲ್ಲು ಇನ್ನು ನೋಯುವುದಿಲ್ಲ. ದೃಷ್ಟಿ ತೆಗೆಯುವುದನ್ನು ಕಂಡು ಬೆಳೆದ ನಮಗೆ ಈ ವಿಧಿ ತೀರ ಅಪರಿಚಿತವೇನೂ ಅಲ್ಲ. ‘ಎರಿಜೆರಾನ್’ ಎಂಬ ಹೆಸರನ್ನು ಮುಂದೆ ಸಸ್ಯಶಾಸ್ತ್ರಜ್ಞರು ಬೇರೆಯೇ ಕುಲಕ್ಕೆ ಕೊಟ್ಟುಬಿಟ್ಟರು. ಗ್ರೀಕ್ ಮುದುಕ ಒಂದು ಮನೆ ಸೇರಿದ, ಲ್ಯಾಟಿನ್ ಮುದುಕ ಇನ್ನೊಂದು ಮನೆ.

ಗ್ರೌಂಡ್‌ಸೆಲ್‌ನ ಕತೆ ಬೇರೆ. ಹಳೆಯ ಇಂಗ್ಲಿಷಿನಲ್ಲಿ ‘ಗುಂಡ್’ ಅಂದರೆ ಕೀವು. ಹುಣ್ಣಿಗೆ ಈ ಸೊಪ್ಪನ್ನು ಅರೆದು ಕಟ್ಟುತ್ತಿದ್ದವರು ಅದನ್ನು ‘ಕೀವು ನುಂಗುವುದು’ ಎಂದು ಕರೆದರು. ಆ ಪದ ಮರೆಯಾದ ಮೇಲೆ ಜನ ‘ಗುಂಡ್’ ಅನ್ನು ‘ಗ್ರುಂಡ್’, ಅಂದರೆ ನೆಲ, ಎಂದು ಕೇಳಿಸಿಕೊಂಡರು. ಮದ್ದಿನ ಸೊಪ್ಪು ನೆಲ ನುಂಗುವ ಕಳೆಯಾಯಿತು. ಗಿಡವೂ ಅದಕ್ಕೆ ತಕ್ಕಂತೆಯೇ ಇದೆ, ಕೆಲವೇ ವಾರಗಳಲ್ಲಿ ಹೂ ಬಿಟ್ಟು ಬೀಜ ಉದುರಿಸಿ ಅಗೆದ ಪಾತಿಯನ್ನೆಲ್ಲ ಆವರಿಸುತ್ತದೆ.

ಸಸ್ಯಶಾಸ್ತ್ರಜ್ಞ ಲಿನೀಯಸ್ 1753ರಲ್ಲಿ ಸೆನೆಸಿಯೊವನ್ನು ಕುಲದ ಹೆಸರಾಗಿ ನಿಲ್ಲಿಸಿದ. ಅಲ್ಲಿಂದ ಮುಂದೆ ಆ ಹೆಸರಿಗೆ ಮಿತಿಯೇ ಇಲ್ಲದಂತಾಯಿತು. ಆಫ್ರಿಕದಿಂದ, ಆಂಡೀಸ್‌ನಿಂದ, ಹಿಮಾಲಯದಿಂದ ಬಂದ ಗಿಡಗಳೆಲ್ಲ ಅದರೊಳಗೆ ಸೇರಿ, ಜಾತಿಗಳ ಸಂಖ್ಯೆ ಸಾವಿರ ದಾಟಿತು. ಮೌಂಟ್ ಕೆನ್ಯಾದ ಎತ್ತರದಲ್ಲಿ ಮರದಂತೆ ಬೆಳೆದು ತುದಿಯಲ್ಲಿ ಎಲೆಯ ಗುಚ್ಛ ಹೊತ್ತು ನಿಲ್ಲುವ ದೈತ್ಯವೂ ಆಗ ಸೆನೆಸಿಯೊ. ನಮ್ಮ ನರ್ಸರಿಗಳಲ್ಲಿ ‘ಸ್ಟ್ರಿಂಗ್ ಆಫ್ ಪರ್ಲ್ಸ್’ ಎಂದು ಮಾರುವ, ಕುಂಡದಿಂದ ಹಸಿರು ಮಣಿಗಳನ್ನು ಇಳಿಬಿಡುವ ಬಳ್ಳಿಯೂ ಆಗ ಸೆನೆಸಿಯೊ. ಬೂದುಬಣ್ಣದ ಎಲೆಯ ಡಸ್ಟಿ ಮಿಲ್ಲರ್ ಕೂಡ ಅದೇ. ಇಷ್ಟನ್ನೆಲ್ಲ ಒಳಗೊಂಡ ಹೆಸರು ಕೇಳುವವರಿಗೆ ಏನನ್ನು ತಿಳಿಸೀತು?

ಹಾಗೆ ನೋಡಿದರೆ ಬಿಳಿ ಕೂದಲು ಗುರುತಿಗೆ ಒದಗುವುದೂ ಇಲ್ಲ. ಈ ಕುಟುಂಬದಲ್ಲಿ ನೂರಾರು ಗಿಡಗಳಿಗೆ ಅದು ಉಂಟು. ಗುರುತು ಸಿಗಬೇಕಾದರೆ ಹೂವನ್ನು ತಲೆಕೆಳಗು ಮಾಡಿ ಹಿಡಿಯಬೇಕು. ಸೂರ್ಯಕಾಂತಿಯನ್ನು ಹಾಗೆ ತಿರುಗಿಸಿದರೆ ಹಸಿರು ಪಟ್ಟಿಗಳು ಸುತ್ತುಸುತ್ತಾಗಿ, ಒಂದರ ಮೇಲೊಂದು ಕವಿದಿರುವುದು ಕಾಣುತ್ತದೆ. ಸೆನೆಸಿಯೊದಲ್ಲಿ ಹಾಗಿಲ್ಲ. ಒಂದೇ ಅಳತೆಯ ಪಟ್ಟಿಗಳು ಒಂದರ ಪಕ್ಕ ಒಂದು ಒಂದೇ ಸಾಲಿನಲ್ಲಿ ನಿಂತು ಬಟ್ಟಲು ಕಟ್ಟುತ್ತವೆ. ಅದರ ಬುಡದಲ್ಲಿ ಚಿಕ್ಕಚಿಕ್ಕ ಪಟ್ಟಿಗಳು ಬೇರೆಯೇ ಇರುತ್ತವೆ. ಗ್ರೌಂಡ್‌ಸೆಲ್‌ನಲ್ಲಿ ಆ ಚಿಕ್ಕವುಗಳ ತುದಿ ಮಸಿ ಅದ್ದಿದಷ್ಟು ಕಪ್ಪು. ಹೂವಿನ ಸುತ್ತ ಹರಡುವ ಕಿರಣದಂಥ ಎಸಳು ಅದಕ್ಕೆ ಸಾಮಾನ್ಯವಾಗಿ ಇರುವುದೇ ಇಲ್ಲ, ಹಾಗಾಗಿ ಅರಳಿದರೂ ಇನ್ನೂ ಮೊಗ್ಗೆಂದೇ ತೋರುತ್ತದೆ. ಸಾಧಾರಣ ರ‍್ಯಾಗ್‌ವರ್ಟ್‌ಗೆ ಎಸಳುಗಳು ಹೆಚ್ಚಾಗಿ 13. ಎಲೆ ಚಿಂದಿ ಮಾಡಿದಂತೆ ಹರಿದಿರುತ್ತದೆ, ‘ರ‍್ಯಾಗ್’ ಎಂಬ ಮಾತು ಬಂದದ್ದು ಅದರಿಂದಲೇ. ಅನುಮಾನ ಉಳಿದರೆ ಬೀಜ ನೋಡಬೇಕು. ಹೂವಿನ ನಡುವಿನ ಬೀಜದ ಮೈಮೇಲೆ ನವಿರು ರೋಮ, ಅಂಚಿನ ಬೀಜದ ಮೈ ನುಣುಪು. ಲೆನ್ಸ್ ಇಲ್ಲದೆ ಇದು ಕಾಣುವುದಿಲ್ಲ.

ರೈತನಿಗೆ ಈ ಗುರುತು ಸಣ್ಣ ವಿಷಯವಲ್ಲ. ಸಾಧಾರಣ ರ‍್ಯಾಗ್‌ವರ್ಟ್‌ನಲ್ಲಿರುವ ಪೈರೊಲಿಜಿಡಿನ್ ಆಲ್ಕಲಾಯ್ಡ್‌ಗಳು ಕುದುರೆ, ದನಗಳ ಪಿತ್ತಜನಕಾಂಗವನ್ನು ಮೆಲ್ಲಮೆಲ್ಲಗೆ ಕೆಡಿಸುತ್ತವೆ. ಹಸಿಯಾಗಿದ್ದಾಗ ಕಹಿ, ಜಾನುವಾರು ಬಾಯಿ ಹಾಕುವುದು ಕಡಿಮೆ. ಒಣಹುಲ್ಲಿನಲ್ಲಿ ಬೆರೆತರೆ ಕಹಿ ತಿಳಿಯದು, ವಿಷ ಮಾತ್ರ ಉಳಿದಿರುತ್ತದೆ. ಬ್ರಿಟನ್ನಿನ 1959ರ ಕಳೆ ಕಾಯಿದೆ ಅದನ್ನು ಹಾನಿಕರ ಕಳೆಗಳ ಪಟ್ಟಿಗೆ ಸೇರಿಸಿದ್ದು ಈ ಕಾರಣಕ್ಕೆ. ಅದೇ ಗಿಡವನ್ನೇ ನಂಬಿ ಬದುಕುವ ಜೀವವೂ ಇದೆ. ಸಿನಬಾರ್ ಪತಂಗದ ಹಳದಿ-ಕಪ್ಪು ಪಟ್ಟೆಯ ಹುಳು ಈ ಎಲೆಯನ್ನು ತಿಂದು, ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಂಡು ಹಕ್ಕಿಗಳಿಂದ ಪಾರಾಗುತ್ತದೆ. ಹಳದಿ ಹೂ ಕಂಡಲ್ಲೆಲ್ಲ ಕಿತ್ತು ಹಾಕುವ ಆತುರದಲ್ಲಿ ಏನೂ ತಪ್ಪು ಮಾಡದ ಗಿಡಗಳೂ ಹೋಗುತ್ತವೆ. ಹೆಸರು ಸರಿಯಾಗಿ ಗೊತ್ತಿರುವುದು ಇಲ್ಲಿ ನ್ಯಾಯದ ಮಾತು.

ಆ ಕಾಯಿದೆಯಲ್ಲಿ ಬರೆದಿರುವ ಹೆಸರು ‘ಸೆನೆಸಿಯೊ ಜಾಕೋಬಿಯಾ’. ಇಂದಿನ ಸಸ್ಯಶಾಸ್ತ್ರದಲ್ಲಿ ಅದು ಸೆನೆಸಿಯೊ ಅಲ್ಲ, ‘ಜಾಕೋಬಿಯಾ ವಲ್ಗಾರಿಸ್’. ಕನ್ನಡ ಬೈಬಲ್ಲಿನಲ್ಲಿ ಯಾಕೋಬ ಎಂದು ಬರುವ ಸಂತ ಜೇಮ್ಸ್‌ನ ಹಬ್ಬ ಜುಲೈ 25. ಗಿಡ ಹೂವಿನಲ್ಲಿ ಮುಳುಗುವುದು ಆ ಸುಮಾರಿಗೆ, ಹಾಗಾಗಿ ಅದು ಯಾಕೋಬನ ಹೂ. 2007ರಲ್ಲಿ ಸಸ್ಯವಿಜ್ಞಾನಿ ಪೀಟರ್ ಪೆಲ್ಸರ್ ಮತ್ತು ಸಂಗಡಿಗರು ಡಿಎನ್‌ಎ ಹೋಲಿಸಿ ನೋಡಿ, ಸೆನೆಸಿಯೊ ಎಂಬ ಹೆಸರಿನಡಿ ಒಂದೇ ಬೇರಿನವಲ್ಲದ ಗಿಡಗಳು ಸೇರಿಕೊಂಡಿವೆ ಎಂದು ತೋರಿಸಿದರು. ಕೆನ್ಯಾದ ದೈತ್ಯ ಅದಕ್ಕೂ ಮೊದಲೇ ಡೆಂಡ್ರೊಸೆನೆಸಿಯೊ ಆಗಿತ್ತು. ಮಣಿಬಳ್ಳಿ ಈಗ ಕ್ಯೂರಿಯೊ, ಡಸ್ಟಿ ಮಿಲ್ಲರ್ ಜಾಕೋಬಿಯಾ. ಬಾಯಿಪಾಠವಾದ ಹೆಸರು ಬದಲಾದಾಗ ತೋಟಗಾರರು ಗೊಣಗುವುದು ಸಹಜ. ಆದರೂ ನಾನು ಹೆಸರು ಬದಲಿಸಿದವರ ಕಡೆಗೇ. ಹೂವಿನ ತಲೆ ಒಂದೇ ಥರ ಕಂಡಿತೆಂದು ಕೂಡಿಸಿದ್ದನ್ನು, ಹುಟ್ಟು ಬೇರೆ ಎಂದು ಗೊತ್ತಾದ ಮೇಲೂ ಹಾಗೆಯೇ ಇಟ್ಟುಕೊಂಡರೆ ಹೆಸರು ಸುಳ್ಳು ಹೇಳುತ್ತದೆ. ಇಷ್ಟೆಲ್ಲ ಹೊರಗೆ ಹೋದರೂ ಸೆನೆಸಿಯೊದ ಸಂಸಾರ ಇನ್ನೂ ದೊಡ್ಡದೇ.

ಸೆನೆಸಿಯೊ ಬೆಲ್ಗಾಮೆನ್ಸಿಸ್ ಆ ಸಂಸಾರದ್ದು, ಹೆಸರಿನಲ್ಲೇ ನಮ್ಮ ಬೆಳಗಾವಿ ಇದೆ. ಮಳೆಗಾಲದ ಕೊನೆಗೆ ಸಾತಾರದ ಕಾಸ್ ಪ್ರಸ್ಥಭೂಮಿಯನ್ನು ಹಳದಿ ಮಾಡುವ, ಮರಾಠಿಯವರು ಸೋನಕಿ ಎನ್ನುವ ಸೆನೆಸಿಯೊ ಬಾಂಬಯೆನ್ಸಿಸ್ ಅದರ ನೆಂಟ. ಅದಕ್ಕೆ ಸಸ್ಯಶಾಸ್ತ್ರಜ್ಞ ಹೂಕರ್ ಮೊದಲು ಕೊಟ್ಟಿದ್ದ ಹೆಸರು ಗ್ರಹಾಮಿಯೈ. ಒಂದೇ ಕುಲದಲ್ಲಿ ಒಂದು ಹೆಸರು ಎರಡು ಗಿಡಕ್ಕೆ ಸಲ್ಲದು ಎಂಬ ನಿಯಮದಿಂದ ಅದು ಬಿದ್ದುಹೋಗಿ, ಭಾರತದ ಸಸ್ಯವಿಜ್ಞಾನಿ ಎನ್.ಪಿ. ಬಾಲಕೃಷ್ಣನ್ ಇಟ್ಟ ಹೆಸರು ನಿಂತಿತು.

ಬ್ರಿಟನ್ನಿನಲ್ಲಿ ಈ ಕುಲಕ್ಕೆ ಹೊಸ ಜಾತಿಗಳು ಹುಟ್ಟಿದ್ದನ್ನು ಜನ ಕಣ್ಣಾರೆ ಕಂಡಿದ್ದಾರೆ. ಸಿಸಿಲಿಯ ಎಟ್ನಾ ಜ್ವಾಲಾಮುಖಿಯ ಇಳಿಜಾರಿನ ಎರಡು ಜಾತಿಗಳ ಮಿಶ್ರತಳಿ 1700ರ ಆಸುಪಾಸಿನಲ್ಲಿ ಆಕ್ಸ್‌ಫರ್ಡ್‌ನ ಸಸ್ಯೋದ್ಯಾನ ಸೇರಿತು. ಮುಂದೆ ಗೋಡೆ ದಾಟಿ ಊರಿಗಿಳಿಯಿತು. ಅದೇ ಆಕ್ಸ್‌ಫರ್ಡ್ ರ‍್ಯಾಗ್‌ವರ್ಟ್. 19ನೇ ಶತಮಾನದಲ್ಲಿ ರೈಲು ಬಂದಾಗ ಹಳಿಗಳ ಕೆಳಗಿನ ಕಲ್ಲು-ಕಿಟ್ಟ ಅದಕ್ಕೆ ಎಟ್ನಾದ ನೆಲದಂತೆಯೇ ಒಗ್ಗಿತು. ಆಕ್ಸ್‌ಫರ್ಡ್‌ನಲ್ಲಿ ರೈಲಿನ ಡಬ್ಬಿಯೊಳಗೆ ತೇಲಿ ಬಂದ ಬೀಜ ಟೈಲ್‌ಹರ್ಸ್ಟ್‌ನಲ್ಲಿ ಹೊರಗೆ ಹಾರಿದ್ದನ್ನು ಸಸ್ಯಶಾಸ್ತ್ರಜ್ಞ ಡ್ರೂಸ್ ಬರೆದಿಟ್ಟಿದ್ದಾರೆ. ಹೋದಲ್ಲೆಲ್ಲ ಅದಕ್ಕೆ ಗ್ರೌಂಡ್‌ಸೆಲ್ ಜೊತೆಯಾಯಿತು. ಇವೆರಡರ ಸಂಕರದಿಂದ ವೇಲ್ಸ್‌ನಲ್ಲಿ ಸೆನೆಸಿಯೊ ಕ್ಯಾಂಬ್ರೆನ್ಸಿಸ್ ಹುಟ್ಟಿತು, 1948ರಲ್ಲಿ ಕಣ್ಣಿಗೆ ಬಿತ್ತು. 1979ರಲ್ಲಿ ಯಾರ್ಕ್ ನಗರದ ಒಂದು ಕಾರ್ ಪಾರ್ಕಿನಲ್ಲಿ ಇನ್ನೊಂದು ಸಿಕ್ಕಿತು. ಅದನ್ನು ಸೆನೆಸಿಯೊ ಎಬೊರಾಸೆನ್ಸಿಸ್ ಎಂದು ಹೆಸರಿಟ್ಟು ಪ್ರಕಟಿಸಿದ್ದು 2003ರಲ್ಲಿ. ಅಷ್ಟರಲ್ಲಿ ಗಿಡವೇ ಯಾರ್ಕ್‌ನ ಬೀದಿಗಳಿಂದ ಕಣ್ಮರೆಯಾಗಿತ್ತು. ಕಳೆನಾಶಕವೂ ಕಾರಣ ಎನ್ನುತ್ತಾರೆ. ಸಂಶೋಧಕರು ಬೀಜವನ್ನು ಕಾಪಿಟ್ಟಿದ್ದರು. ಆ ಬೀಜದಿಂದ ಬೆಳೆಸಿದ ಗಿಡವನ್ನು ಯಾರ್ಕ್‌ಗೆ ಹಿಂದಕ್ಕೆ ತಂದರು, 2023ರಲ್ಲಿ ಅದು ಅಲ್ಲಿ ಮತ್ತೆ ಹೂ ಬಿಟ್ಟಿತು.